ಮನೆಯಲ್ಲೇ ಸೋಡಾ: ಅಡುಗೆ ಸೋಡಾ, ಯಂತ್ರ, ಶುಂಠಿ – ಸಂಸಾರಕ್ಕೆ ಯಾವುದು ಹಿತ?

ಪ್ರಶ್ನೆ – ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಅತ್ತೆಯವರು, ನಾವಿಬ್ಬರು ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದೇವೆ. ಏಪ್ರಿಲ್ ಬಂತೆಂದರೆ ಮಕ್ಕಳಿಗೆ ಸಂಜೆ ಆಟ ಮುಗಿಸಿ ಬಂದೊಡನೆ ತಂಪು ಪಾನೀಯದ ಬಾಟಲಿ ಬೇಕು. ಕೋಲಾದ 300 ಮಿಲಿಲೀಟರಿನಲ್ಲಿ 30 ಗ್ರಾಂಗೂ ಮೇಲೆ ಸಕ್ಕರೆ ಇರುತ್ತದೆಂದು ತಿಳಿದ ಮೇಲೆ, ದಿನವೂ ಬೇಡವೆಂದು ಗದರಿಸುವುದಕ್ಕಿಂತ ಮನೆಯಲ್ಲೇ ಸೋಡಾ ಮಾಡಿ ಸಿಹಿಯ ಅಳತೆಯನ್ನು ನಮ್ಮ ಕೈಯಲ್ಲಿಟ್ಟುಕೊಳ್ಳುವುದು ಮೇಲೆಂದು ತೋರುತ್ತಿದೆ.

ನನ್ನ ಮುಂದೆ ಮೂರು ದಾರಿಗಳಿವೆ. ನಮ್ಮ ಕಟ್ಟಡದವರೊಬ್ಬರು ತಣ್ಣೀರಿಗೆ ಅಡುಗೆ ಸೋಡಾ ಮತ್ತು ನಿಂಬೆ ಉಪ್ಪು (ಸಿಟ್ರಿಕ್ ಆಮ್ಲದ ಹುಳಿ ಪುಡಿ) ಹಾಕಿ ಮಾಡುತ್ತಾರೆ. ಖರ್ಚು ಬಹಳ ಕಡಿಮೆ. ಎರಡನೆಯದು ಗ್ಯಾಸ್ ಸಿಲಿಂಡರ್ ಇರುವ ಸೋಡಾ ಯಂತ್ರ. ಮೂರನೆಯದು ಶುಂಠಿ, ಸಕ್ಕರೆಗಳನ್ನು ಹುದುಗಿಸಿ ಮಾಡುವ ಪಾನೀಯ. ಅತ್ತೆಯವರಿಗೆ ಬಿಪಿ ಇದೆ, ಊಟದ ನಂತರ ಜೀರಿಗೆ ಸೋಡಾ ಎಂದರೆ ಅವರಿಗೆ ಇಷ್ಟ. ಎಲ್ಲರಿಗೂ ಹೊಂದುವ ವಿಧಾನ ಯಾವುದೆಂದು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ – ಪುಣೆ, ಕೊಥ್ರೂಡ್‌ನಿಂದ

ಅಕ್ಕ, ನಾನು ರಸಾಯನಶಾಸ್ತ್ರ ಕಲಿಸುವವನು. ನಿಮ್ಮ ಮನೆಗೆ ಮೊದಲನೆಯ ದಾರಿ ಖಂಡಿತ ಬೇಡ. ಒಂದು ಚಮಚ, ಅಂದರೆ ಸುಮಾರು 5 ಗ್ರಾಂ ಅಡುಗೆ ಸೋಡಾ ಹುಳಿಯೊಡನೆ ಪೂರ್ತಿ ಬೆರೆತರೆ ಹೊರಬರುವ ಇಂಗಾಲದ ಡೈಆಕ್ಸೈಡ್ 2.6 ಗ್ರಾಂ ಮಾತ್ರ, ಅದರಲ್ಲೂ ಬಹುಪಾಲು ಬುಸ್ಸೆಂದು ಗಾಳಿಗೆ ಹೋಗುತ್ತದೆ. ಆದರೆ ಆ ಚಮಚದಲ್ಲಿದ್ದ 1.3 ಗ್ರಾಂಗೂ ಹೆಚ್ಚಿನ ಸೋಡಿಯಂ ಎಲ್ಲಿಗೂ ಹೋಗದೆ ನೀರಿನಲ್ಲೇ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಇಡೀ ದಿನಕ್ಕೆ ಹೇಳಿರುವ ಮಿತಿಯೇ 2 ಗ್ರಾಂ. ಅಂಗಡಿಯ ಸೋಡಾದ ಖಾರ ಬರಬೇಕಾದರೆ ಲೀಟರಿಗೆ 6ರಿಂದ 8 ಗ್ರಾಂ ಅನಿಲ ಕರಗಿರಬೇಕು. ಅಷ್ಟನ್ನು ಪುಡಿಯಿಂದ ತರಲು ಹೊರಟರೆ ನೀರು ಕುಡಿಯಲಾಗದಷ್ಟು ಉಪ್ಪುಪ್ಪಾಗುತ್ತದೆ. ಬಿಪಿ ಇರುವ ಹಿರಿಯರಿಗೆ ಅದರ ಮೇಲೆ ಕಾಲಾ ನಮಕ್ ಬೆರೆಸಿದ ಜೀರಿಗೆ ಸೋಡಾ ಕೊಡುವುದು ಸರಿಯಲ್ಲವೇ ಅಲ್ಲ.

ಯಂತ್ರದ ಸೋಡಾದಲ್ಲಿ ನೀರು ಮತ್ತು ಅನಿಲ ಬಿಟ್ಟರೆ ಬೇರೇನೂ ಇರುವುದಿಲ್ಲ. ಆದರೆ ಕೊಂಡವರಲ್ಲಿ ಅನೇಕರು ‘ಗುಳ್ಳೆಯೇ ನಿಲ್ಲುವುದಿಲ್ಲ’ ಎಂದು ದೂರುತ್ತಾರೆ, ಏಕೆಂದರೆ ಅವರು ನಲ್ಲಿಯ ನೀರನ್ನು ಹಾಗೆಯೇ ತುಂಬಿಸುತ್ತಾರೆ. ಸಾಮಾನ್ಯ ಒತ್ತಡದಲ್ಲಿ ಸೊನ್ನೆ ಡಿಗ್ರಿಯ ಒಂದು ಲೀಟರ್ ನೀರು ಸುಮಾರು 3.3 ಗ್ರಾಂ ಅನಿಲವನ್ನು ಹಿಡಿದಿಟ್ಟುಕೊಂಡರೆ, 20 ಡಿಗ್ರಿಯಲ್ಲಿ ಅದು ಅರ್ಧಕ್ಕೆ, ಅಂದರೆ 1.7 ಗ್ರಾಂಗೆ ಇಳಿಯುತ್ತದೆ. ಮೇ ತಿಂಗಳ ನಲ್ಲಿನೀರಿನಲ್ಲಿ ಇನ್ನೂ ಕಡಿಮೆ. ಆದ್ದರಿಂದ ನೀರನ್ನು ಕುದಿಸಿ ಆರಿಸಿ, ರಾತ್ರಿಯೆಲ್ಲ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಅನಿಲ ತುಂಬಿಸಿರಿ. ಕುದಿಸಿದಾಗ ನೀರಿನಲ್ಲಿ ಕರಗಿದ್ದ ಗಾಳಿ ಹೊರಟುಹೋಗುವುದರಿಂದ ಗುಳ್ಳೆ ಹೆಚ್ಚು ಹೊತ್ತು ನಿಲ್ಲುತ್ತದೆ, ಮಳೆಗಾಲದ ನೀರಿನ ಚಿಂತೆಯೂ ತಪ್ಪುತ್ತದೆ. ಯಂತ್ರಕ್ಕೆ ಬರೀ ನೀರು, ಅದೂ ಬಾಟಲಿಯ ಗೆರೆಯವರೆಗೆ ಮಾತ್ರ. ಶರಬತ್ತು ಹಾಕಿ ಅನಿಲ ಬಿಟ್ಟರೆ ನೊರೆ ಉಕ್ಕಿ ನಳಿಕೆಯೊಳಗೆ ಹೋಗುತ್ತದೆ.

ಸಿಲಿಂಡರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಸುಮಾರು 425 ಗ್ರಾಂ ಹಿಡಿಯುವ ಸಾಧಾರಣ ಸಿಲಿಂಡರಿನೊಳಗೆ ಅನಿಲವು ದ್ರವರೂಪದಲ್ಲಿರುತ್ತದೆ. 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯಲಾರದು, ಒತ್ತಡ ಬೇಗ ಏರುತ್ತದೆ. ಆದುದರಿಂದ ಒಲೆಯ ಪಕ್ಕದಲ್ಲಾಗಲಿ ಬಿಸಿಲಲ್ಲಿ ನಿಂತ ಕಾರಿನಲ್ಲಾಗಲಿ ಇಡಬಾರದು. ಯಂತ್ರದ ಬದಲು ಸೈಫನ್ ಬಾಟಲಿ (ಹಿಡಿ ಒತ್ತಿದರೆ ಸೋಡಾ ಚಿಮ್ಮುವ ಬಾಟಲಿ) ಕೊಂಡರೆ ಇದೇ ಅನಿಲ ತುಂಬಿದ 8 ಗ್ರಾಂನ ಪುಟ್ಟ ಕಾರ್ಟ್ರಿಜ್‌ಗಳು ಬೇಕಾಗುತ್ತವೆ. ಕ್ರೀಮ್ ನೊರೆಯಾಗಿಸಲು ಬಳಸುವ ನೈಟ್ರಸ್ ಆಕ್ಸೈಡ್ ಕಾರ್ಟ್ರಿಜ್‌ಗಳೂ ನೋಡಲು ಹಾಗೆಯೇ ಇರುತ್ತವೆ, ಹೆಸರನ್ನು ಓದಿಯೇ ಕೊಳ್ಳಿರಿ.

ಉತ್ತರ – ಗೋವಾ, ಮಡಗಾಂವ್‌ನಿಂದ

ಪುಣೆಯವರ ಮಾತಿಗೆ ರುಚಿಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ. ಸೋಡಾ ಸಿದ್ಧವಾದ ಮೇಲೆ ಅದಕ್ಕೆ ಕೊಕಮ್‌ಗಿಂತ, ಅಂದರೆ ನಮ್ಮ ಪುನರ್ಪುಳಿಗಿಂತ ಒಳ್ಳೆಯ ಜೊತೆಯಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಮಾರುಕಟ್ಟೆಗೆ ಹಣ್ಣು ಬಂದಾಗ, ಸಿಪ್ಪೆಯ ಬಟ್ಟಲುಗಳಿಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಕೆಲವು ದಿನ ಬಿಸಿಲಿಗಿಟ್ಟರೆ ಕಡುಗೆಂಪು ರಸ ತಾನಾಗಿಯೇ ಬಿಡುತ್ತದೆ. ಅದರಲ್ಲಿ ಸಕ್ಕರೆ ಹೆಚ್ಚೇ ಇರುವುದರಿಂದ ಮಕ್ಕಳಿಗೆ ಒಂದು ಲೋಟ ಸೋಡಾಕ್ಕೆ ಎರಡು ಚಮಚ ಸಾಕು. ಹುಳಿ ಚುರುಕಾಗಿರುವುದರಿಂದ ಅಷ್ಟಕ್ಕೇ ರುಚಿ ತುಂಬುತ್ತದೆ. ಅಂಗಡಿಯಲ್ಲಿ ಸಿಗುವ ಆಗಳವು ಉಪ್ಪು ಹಾಕಿಟ್ಟ ರಸ, ಒಣಗಿದ ಸಿಪ್ಪೆಗೂ ಅನೇಕ ಕಡೆ ಉಪ್ಪು ಸವರಿರುತ್ತಾರೆ. ಅತ್ತೆಯವರಿಗೆ ಅವನ್ನು ಬಳಸಬೇಡಿ. ಇನ್ನೊಂದು, ಕೊಕಮ್‌ನ ಬಣ್ಣ ಹುಳಿಯಲ್ಲಿ ಮಾತ್ರ ಕೆಂಪಾಗಿರುತ್ತದೆ. ಅಡುಗೆ ಸೋಡಾ ಹೆಚ್ಚಾಗಿ ಹುಳಿ ಮುರಿದರೆ ಅದು ನೀಲಿಯ ಕಡೆಗೆ ತಿರುಗಿ ಕಳೆಗೆಡುತ್ತದೆ.

ಜೀರಿಗೆ ಪುಡಿಯನ್ನು ಸೋಡಾದ ಮೇಲೆ ಉದುರಿಸಬೇಡಿ. ಪುಡಿಯ ಪ್ರತಿ ಕಣದ ಮೇಲೂ ಗುಳ್ಳೆ ಹುಟ್ಟಿ ಕ್ಷಣದಲ್ಲಿ ಅನಿಲವೆಲ್ಲ ಹಾರಿಹೋಗುತ್ತದೆ. ಜೀರಿಗೆಯನ್ನು ಹುರಿದು, ಜಜ್ಜಿ, ಸ್ವಲ್ಪ ನೀರಿನಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸಿಡಿ. ಆ ಕಷಾಯಕ್ಕೆ ನಿಂಬೆರಸ ಹಿಂಡಿದರೆ ಉಪ್ಪಿನ ಕೊರತೆ ಅಷ್ಟಾಗಿ ತಿಳಿಯುವುದಿಲ್ಲ. ನಿಂಬೆಯ ತಿರುಳನ್ನೂ ಸೋಸಬೇಕು. ಮೊದಲು ಲೋಟಕ್ಕೆ ರಸ, ಆಮೇಲೆ ಲೋಟವನ್ನು ಓರೆ ಹಿಡಿದು ಅಂಚಿನಿಂದ ನಿಧಾನವಾಗಿ ಸೋಡಾ.

ಉತ್ತರ – ಮುಂಬಯಿ, ಮಾಟುಂಗದಿಂದ

ಶುಂಠಿಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೂರರಲ್ಲಿ ಅತ್ಯಂತ ಸೊಗಸಾದ ರುಚಿ ಅದರದೇ, ಅತಿ ಹೆಚ್ಚು ಜಾಗ್ರತೆ ಬೇಡುವುದೂ ಅದೇ. ಶುಂಠಿಯ ಸಿಪ್ಪೆಯ ಮೇಲಿನ ಯೀಸ್ಟ್ ಸಕ್ಕರೆಯನ್ನು ತಿಂದು ಅನಿಲ ಬಿಡುತ್ತದೆ, ಜೊತೆಗೆ ಅಲ್ಪ ಪ್ರಮಾಣದ ಮದ್ಯಸಾರವೂ ಹುಟ್ಟುತ್ತದೆ. ಮಕ್ಕಳಿಗೆ ಕೊಡುವ ಮುನ್ನ ಇದು ತಿಳಿದಿರಬೇಕು. ನಮ್ಮ ಸೆಕೆಯಲ್ಲಿ ಮುಚ್ಚಿದ ಬಾಟಲಿಯೊಳಗೆ ಒಂದೆರಡು ದಿನದಲ್ಲೇ ಒತ್ತಡ ಅಪಾಯದ ಮಟ್ಟಕ್ಕೇರಬಹುದು, ಗಾಜಾದರೆ ಸಿಡಿಯುತ್ತದೆ. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ, ಒತ್ತಿದಾಗ ಗಟ್ಟಿಯಾಗಿದ್ದರೆ ಕೂಡಲೇ ಫ್ರಿಜ್‌ಗೆ ಸೇರಿಸಿ. ಫ್ರಿಜ್ ಹುದುಗುವಿಕೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ, ಹಾಗಾಗಿ ಬೇಗ ಮುಗಿಸಬೇಕು.

ಹಳೆಯ ಗೋಲಿ ಸೋಡಾ ಬಾಟಲಿಗಳು ಗುಜರಿಯಲ್ಲಿ ಸಿಗುತ್ತವೆಂದು ಕೆಲವರು ಆಸೆಪಡುತ್ತಾರೆ. ಹೈರಮ್ ಕಾಡ್ 1872ರಲ್ಲಿ ಪೇಟೆಂಟ್ ಪಡೆದ ಆ ಬಾಟಲಿಯಲ್ಲಿ ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಕೊರಳಿನ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಕಲ್ಪನೆ ಅದ್ಭುತವಾದುದೇ, ಆದರೆ ಹಳೆಯ ಗಾಜಿನಲ್ಲಿ ಕಣ್ಣಿಗೆ ಕಾಣದ ಸೀಳು ಇರಬಹುದಾದ್ದರಿಂದ ಅದನ್ನು ಅಲಂಕಾರಕ್ಕಷ್ಟೇ ಇಡಿ.

ಪ್ರಶ್ನೆ ಕೇಳಿದವರಿಂದ – ಡೊಂಬಿವಲಿ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಯಂತ್ರವನ್ನೇ ತರುತ್ತೇವೆ, ಕೊಕಮ್ ರಸವನ್ನು ಈ ಬೇಸಿಗೆಯಲ್ಲೇ ಮಾಡಿಡುತ್ತೇನೆ. ಯಂತ್ರ ಬರುವವರೆಗೆ ಅಂಗಡಿಯ ಸಾದಾ ಸೋಡಾವನ್ನು ಅತ್ತೆಯವರಿಗೆ ಕೊಡಬಹುದೇ? ಮಕ್ಕಳ ಹಲ್ಲಿಗೆ ಸೋಡಾದಿಂದ ತೊಂದರೆಯಿದೆಯೇ?

ಉತ್ತರ – ಪುಣೆ, ಕೊಥ್ರೂಡ್‌ನಿಂದ

ಕೆಲವು ಸೋಡಾಗಳಿಗೆ ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾವನ್ನೇ ಸೇರಿಸಿರುತ್ತಾರೆ, ಬಾಟಲಿಯ ಮೇಲಿನ ಪಟ್ಟಿಯಲ್ಲಿ ಆ ಹೆಸರಿಲ್ಲದ್ದನ್ನು ಆರಿಸಿರಿ. ಹೊಟ್ಟೆಯುಬ್ಬರ ಅಥವಾ ಎದೆಯುರಿ ಇದ್ದರೆ ಯಾವ ಸೋಡಾವೂ ಅವರಿಗೆ ಹಿತವಲ್ಲ. ಹಲ್ಲಿಗೆ ಬರೀ ಸೋಡಾದಿಂದ ಆಗುವ ಹಾನಿ ಅತ್ಯಲ್ಪ. ಸಕ್ಕರೆ, ನಿಂಬೆ, ಕೊಕಮ್ ಸೇರಿದಾಗ ಅದು ಹೆಚ್ಚುತ್ತದೆ. ಆದ್ದರಿಂದ ಮಕ್ಕಳು ಗಂಟೆಗಟ್ಟಲೆ ಗುಟುಕರಿಸುತ್ತ ಕೂರದೆ, ತಿಂಡಿಯ ಜೊತೆ ಒಮ್ಮೆಲೇ ಕುಡಿದು ಮುಗಿಸಿ, ಆಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಲಿ.