ಸಹಾಯ ಬೇಕು: ಗಾಳಿಗೆ ಭಾರದ ಪೆಲೆಟ್ಟೋ, ಹಗುರದ್ದೋ?

ತೀರ್ಥಹಳ್ಳಿ ಕಡೆ, ನಮ್ಮ ಅಡಿಕೆ ಕಣದಲ್ಲಿ ಮಣ್ಣಿನ ದರೆಗೆ ಟಾರ್ಗೆಟ್ ಇಟ್ಟು 4.5 ಎಂಎಂ ಏರ್ ರೈಫಲಲ್ಲಿ 25 ಮೀಟರ್ ಹೊಡೀತೀನಿ. ಒಳಾಂಗಣದ 10 ಮೀಟರಿಗೆ ಚಪ್ಪಟೆ ಮೂತಿಯ ವಾಡ್‌ಕಟರ್ ಪೆಲೆಟ್ (ಏರ್ ರೈಫಲಿನ ಚಿಕ್ಕ ಗುಂಡು) ಸಾಕು, ಪೇಪರಲ್ಲಿ ದುಂಡಗೆ ತೂತು ಕೊರೆಯುತ್ತೆ. ಇಲ್ಲಿ ಪಡುವಣ ಗಾಳಿ ಎದ್ದರೆ ಮುಗೀತು, ಗ್ರೂಪ್ (ಹೊಡೆದ ತೂತುಗಳ ಗುಂಪು) ಪೂರ್ತಿ ಒಂದು ಪಕ್ಕಕ್ಕೆ ಜಾರುತ್ತೆ.

ಟಾರ್ಗೆಟ್ ಪಕ್ಕ ಉಣ್ಣೆ ದಾರ ಕಟ್ಟಿದೀನಿ. ಅದು ನೆಟ್ಟಗೆ ಜೋತುಬಿದ್ದಾಗ ಹೊಡೆದರೆ ಎಲ್ಲ ನಡುವಿಗೇ, ಸೋ ಸ್ಕೋಪ್ ಸರಿ ಇದೆ. ಅದೇ 0.53 ಗ್ರಾಂ ತೂಕದ ಗುಂಡು ಮೂತಿಯದ್ದು ಹಾಕಿದ್ಮೇಲೆ ಸರಿಯೋದು ಕಡಿಮೆ ಆಯ್ತು. ಗಾಳಿ ತಡೆ ಕಮ್ಮಿ, ವೇಗ ಉಳಿಯುತ್ತೆ. ಇಲ್ಲಿವರೆಗೆ ಓಕೆ.

ತಲೆ ಕೆಟ್ಟಿರೋದು ತೂಕದ ವಿಷಯದಲ್ಲಿ. 0.67 ಗ್ರಾಂನದ್ದು ಅದೇ ಗನ್ನಿಂದ ನಿಧಾನ ಹೊರಡುತ್ತೆ, ಗಾಳಿಗೆ ಸಿಗೋ ಹೊತ್ತು ಜಾಸ್ತಿ ತಾನೇ? ಶಿವಮೊಗ್ಗದ ಸ್ನೇಹಿತರೊಬ್ಬರು, "ಒಟ್ಟು ಸಮಯ ನೋಡಬೇಡ ಮಾರಾಯ, ದಾರೀಲಿ ಎಷ್ಟು ವೇಗ ಕಳಕೊಳ್ಳುತ್ತೆ ನೋಡು" ಅಂತಾರೆ. ಮದ್ದಿನ .22 ರೈಫಲಲ್ಲಿ ಶಬ್ದದ ವೇಗ ದಾಟೋ ಹೈ ವೆಲಾಸಿಟಿ ಗುಂಡು ನಿಧಾನದ ಸ್ಟ್ಯಾಂಡರ್ಡ್ ಗುಂಡಿಗಿಂತ ಹೆಚ್ಚು ಸರಿಯೋದೂ ಇದಕ್ಕೇ ಅಂತೆ. ಆದ್ರೆ ನನ್ನ ಪೆಲೆಟ್ ಶಬ್ದದ ವೇಗದ ಹತ್ತಿರಕ್ಕೂ ಹೋಗಲ್ಲ.

ಹಾಗಾದ್ರೆ ಒಂದೇ ಗನ್, ಒಂದೇ ಗುಂಡು ಮೂತಿ, 25 ಮೀಟರ್: 0.67ಕ್ಕೆ ಹೋದ್ರೆ ಸರಿಯೋದು ನಿಜವಾಗ್ಲೂ ಕಡಿಮೆ ಆಗುತ್ತಾ, ಅಥವಾ ಕೆಳಕ್ಕೆ ಬೀಳೋದಷ್ಟೇ ಜಾಸ್ತಿಯಾ? ಎರಡನ್ನೂ ಹೊಡೆದು ನೋಡಿದವರು ಹೇಳಿ.