ರೂಟ್ ಕೆನಾಲ್ ತೊಳೆಯುವ ದ್ರಾವಣದಿಂದ ಹಲ್ಲು ದುರ್ಬಲವಾಗುತ್ತದೆಯೇ?

ಪ್ರಶ್ನೆ – ಕಾಪುವಿನ ಓದುಗ
ಉಡುಪಿಯ ಕ್ಲಿನಿಕ್ಕೊಂದರಲ್ಲಿ ನನ್ನ ಕೆಳದವಡೆಯ ಹಲ್ಲಿಗೆ ರೂಟ್ ಕೆನಾಲ್ ಚಿಕಿತ್ಸೆ ನಡೆಯಿತು. ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟಿ, ಸಿರಿಂಜಿನಿಂದ ಮತ್ತೆ ಮತ್ತೆ ಬಿಡುತ್ತಿದ್ದ ದ್ರಾವಣಕ್ಕೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಹುಡಿ ಹಾಕಿದಾಗ ಬರುವಂಥದೇ ವಾಸನೆಯಿತ್ತು. ಬಟ್ಟೆಯ ಬಣ್ಣವನ್ನೇ ತೆಗೆಯುವ ವಸ್ತು ಹಲ್ಲಿನ ಒಳಗೋಡೆಯನ್ನು ಸುಮ್ಮನೆ ಬಿಟ್ಟೀತೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ದಂತವೈದ್ಯ, ಮಂಗಳೂರು
ಮಾನ್ಯರೇ, ತಮ್ಮ ಮೂಗು ಸುಳ್ಳು ಹೇಳಿಲ್ಲ. ಅದು ಸೋಡಿಯಂ ಹೈಪೋಕ್ಲೋರೈಟ್, ಸಾಮಾನ್ಯವಾಗಿ ಶೇ. 0.5ರಿಂದ 5.25ರವರೆಗಿನ ಸಾಂದ್ರತೆಯಲ್ಲಿ ಬಳಸುತ್ತೇವೆ. ನಾಳವನ್ನು ಉಜ್ಜುವ ಸೂಜಿಯಂಥ ಸಲಕರಣೆ, ಅಂದರೆ ಫೈಲ್, ತಲುಪದ ಕವಲುಗಳಲ್ಲಿ ಉಳಿದ ತಿರುಳನ್ನು ಕರಗಿಸಿ, ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಅದರ ಕೆಲಸ. ಆದರೆ ತಿರುಳಿನ ಪ್ರೋಟೀನು, ಹಲ್ಲಿನ ಒಳಗೋಡೆಯಾದ ಡೆಂಟಿನ್ನಿನ ಪ್ರೋಟೀನು ಎಂಬ ಭೇದ ಅದಕ್ಕಿಲ್ಲ. ಡೆಂಟಿನ್ನಿನ ತೂಕದಲ್ಲಿ ಸುಮಾರು ಶೇ. 70 ಖನಿಜ, ಶೇ. 20 ಸಾವಯವ ಅಂಶ, ಉಳಿದದ್ದು ನೀರು. ಆ ಸಾವಯವ ಅಂಶದಲ್ಲಿ ಬಹುಪಾಲು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು. ಮಣ್ಣಿನ ಗೋಡೆಗೆ ಬೆರೆಸಿದ ಹುಲ್ಲಿನಂತೆ ಅದು ಹಲ್ಲನ್ನು ಬಿರುಕಿನಿಂದ ಕಾಯುತ್ತದೆ. ದ್ರಾವಣ ತೀಕ್ಷ್ಣವಾಗಿದ್ದು ದೀರ್ಘಕಾಲ ನಿಂತರೆ ಡೆಂಟಿನ್ನಿನ ಬಾಗುವ ಬಲ ಕುಗ್ಗುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ನಾಳ ತೊಳೆಯುವ ಇನ್ನೊಂದು ದ್ರಾವಣ ಶೇ. 17ರ ಇಡಿಟಿಎ. ಫೈಲ್ ಉಜ್ಜಿದಾಗ ನಾಳದ ಗೋಡೆಗೆ ಮೆತ್ತಿಕೊಳ್ಳುವ, ಸ್ಮಿಯರ್ ಲೇಯರ್ ಎನ್ನುವ ಹುಡಿಯ ಪದರವನ್ನು ಅದು ಕ್ಯಾಲ್ಸಿಯಂ ಸೆಳೆದುಕೊಂಡು ಬಿಡಿಸುತ್ತದೆ. ಇದಕ್ಕೆ ಒಂದು ನಿಮಿಷ ಸಾಕು. ಹತ್ತು ನಿಮಿಷ ಬಿಟ್ಟರೆ ಡೆಂಟಿನ್ನಿನ ಸೂಕ್ಷ್ಮ ನಳಿಕೆಗಳ ಬಾಯಿಯೇ ಕೊರೆದುಹೋಗುತ್ತದೆ. ನನಗೆ ಹೆಚ್ಚು ಆತಂಕವೆನಿಸುವುದು ಸರದಿಯ ವಿಷಯದಲ್ಲಿ: ಇಡಿಟಿಎ ಆದ ಮೇಲೆ ಮತ್ತೆ ಹೈಪೋಕ್ಲೋರೈಟನ್ನು ದೀರ್ಘಕಾಲ ಬಿಟ್ಟರೆ, ಖನಿಜದ ಹೊದಿಕೆ ಕಳೆದುಕೊಂಡ ಕೊಲಾಜೆನ್ ಅದಕ್ಕೆ ನೇರವಾಗಿ ಸಿಕ್ಕಿ ಸವೆತ ಹೆಚ್ಚುತ್ತದೆ.

ಉತ್ತರ – ಸ್ನಾತಕೋತ್ತರ ವಿದ್ಯಾರ್ಥಿನಿ, ಮಂಗಳೂರು
ಸರ್ ಹೇಳಿದ್ದನ್ನು ಕಣ್ಣಾರೆ ಕಾಣಬಹುದು. ಕಿತ್ತ ಹಲ್ಲಿನ ತೆಳು ಬಿಲ್ಲೆಯನ್ನು ಇಡಿಟಿಎಯಲ್ಲಿ ಕೆಲವು ದಿನ ಇಟ್ಟರೆ ಅದು ರಬ್ಬರಿನಂತೆ ಬಾಗುತ್ತದೆ. ಹೈಪೋಕ್ಲೋರೈಟಿನಲ್ಲಿ ಇಟ್ಟದ್ದು ಸೀಮೆಸುಣ್ಣದಂತೆ ಬಿಳಿಚಿ, ಚಿಮ್ಮಟದ ಒತ್ತಡಕ್ಕೇ ಮುರಿಯುತ್ತದೆ. ಬಾಯಿಯೊಳಗೆ ಇಷ್ಟು ಹೊತ್ತು ಯಾರೂ ಇಡುವುದಿಲ್ಲ ಎನ್ನುವುದನ್ನೂ ಹೇಳಬೇಕು. ಹೈಪೋಕ್ಲೋರೈಟ್ ತಗುಲಿದ ಡೆಂಟಿನ್ನಿಗೆ ಫಿಲ್ಲಿಂಗನ್ನು ಹಿಡಿಸುವ ರೆಸಿನ್ ಅಂಟು ಸರಿಯಾಗಿ ಹಿಡಿಯದಿರುವುದೂ ಉಂಟು. ಹೈಪೋಕ್ಲೋರೈಟನ್ನು ತೊಳೆದು ತೆಗೆಯದೆ ಕ್ಲೋರ್‌ಹೆಕ್ಸಿಡಿನ್ ಎಂಬ ಮತ್ತೊಂದು ಬ್ಯಾಕ್ಟೀರಿಯಾನಾಶಕ ದ್ರಾವಣ ಬಿಟ್ಟರೆ ಕಂದು ಗಸಿ ಉಂಟಾಗಿ ನಳಿಕೆಗಳು ಕಟ್ಟಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ಬೇರು ತುಂಬಿಸಿ ಆಯಿತು, ಮೇಲೆ ತಾತ್ಕಾಲಿಕ ಫಿಲ್ಲಿಂಗ್ ಇದೆ. ಕ್ಯಾಪ್ ಹಾಕಿಸುವುದನ್ನು ಮುಂದಿನ ತಿಂಗಳಿಗೆ ದೂಡಬಹುದೇ?

ಉತ್ತರ – ದಂತವೈದ್ಯ, ಮಂಗಳೂರು
ದೂಡಬೇಡಿ. 1989ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೂಟ್ ಕೆನಾಲಿನ ಕೆಲಸದಿಂದ ಹಲ್ಲಿನ ಬಿಗಿತ ಕಡಿಮೆಯಾದದ್ದು ಕೇವಲ ಶೇ. 5, ಎರಡೂ ಪಕ್ಕದ ಅಂಚುಗಳನ್ನು ಕಳೆದುಕೊಂಡ ದೊಡ್ಡ ಕುಳಿಯಿಂದ ಶೇ. 63. ಅಂದರೆ ದ್ರಾವಣಕ್ಕಿಂತ, ಹುಳುಕು ತಿಂದುಹೋದ ಭಾಗವೇ ದೊಡ್ಡ ನಷ್ಟ. ಕ್ಯಾಪ್ ಕೂರುವವರೆಗೆ ಆ ಬದಿಯಲ್ಲಿ ಚಕ್ಕುಲಿ ಕಡಿಯದಿರಿ.