ಪದಚರ್ಚೆ: ಅಂಟುವಾಳದ ಬಾಟಲಿಯ ಮೇಲೆ ಯಾವ ಪದ ಬರೆಸಬೇಕು?

(ತೀರ್ಥಹಳ್ಳಿಯಿಂದ)

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ನನಗೆ ಗುರುವಾರದೊಳಗೆ ಒಂದು ಪದ ಬೇಕಾಗಿದೆ. ಅಷ್ಟರೊಳಗೆ ಬಾಟಲಿಗೆ ಅಂಟಿಸುವ ಚೀಟಿ ಅಚ್ಚಿಗೆ ಹೋಗಬೇಕು, ಸಂತೆಯಲ್ಲಿ ಇಡುವ ಫಲಕವನ್ನೂ ಬರೆಸಬೇಕು.

ನಮ್ಮೂರಿನ ಹತ್ತು ಹನ್ನೆರಡು ಹೆಂಗಸರು ಸೇರಿ ಮೂರು ಪದಾರ್ಥಗಳನ್ನು ಮನೆಯಲ್ಲೇ ಸಿದ್ಧಪಡಿಸುತ್ತಿದ್ದೇವೆ. ಮೊದಲನೆಯದು ಅಂಟುವಾಳದ ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವುಚಿ, ಸೋಸಿದ ರಸ. ಎರಡನೆಯದು 1 ಪಾಲು ಬೆಲ್ಲ, 3 ಪಾಲು ಹೆರಳೆ, ಕಂಚಿ, ನಿಂಬೆಗಳ ಸಿಪ್ಪೆ, 10 ಪಾಲು ನೀರು ಸೇರಿಸಿ 3 ತಿಂಗಳು ಮುಚ್ಚಿಟ್ಟು ಸೋಸಿದ ನೀರು. ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಒಮ್ಮೆ ಎರಡು ದಿನ ಮರೆತದ್ದಕ್ಕೆ ಬಾಟಲಿ ಸಿಡಿದು ಅಟ್ಟದ ತೊಲೆಯ ತನಕ ಸಿಪ್ಪೆ ಹಾರಿತ್ತು. ಪೇಟೆಯವರು ಇದನ್ನು ‘ಬಯೋ ಎಂಜೈಮ್’ ಎನ್ನುತ್ತಾರೆ. ಮೂರನೆಯದು ತಾಮ್ರ ಹಿತ್ತಾಳೆಗಳ ಕಿಲುಬು ತೆಗೆಯಲು ಒಣಗಿದ ವಾಟೆಹುಳಿಯನ್ನು ಉಪ್ಪಿನೊಂದಿಗೆ ಕುಟ್ಟಿದ ಪುಡಿ.

ಅಚ್ಚಿನ ಮನೆಯವರು ತಾವಾಗಿಯೇ ‘ನ್ಯಾಚುರಲ್ ಕ್ಲೀನರ್’ ಎಂದು ಹಾಕಿ ಮಾದರಿ ಕಳಿಸಿದರು. ಅದು ನಮಗೆ ಯಾರಿಗೂ ಹಿಡಿಸಲಿಲ್ಲ. ಮಗನ ವಿಜ್ಞಾನದ ಪುಸ್ತಕದಲ್ಲಿ ಡಿಟರ್ಜೆಂಟಿಗೆ ‘ಮಾರ್ಜಕ’ ಎಂದಿದೆ. ಅದನ್ನು ಬರೆದು ತೋರಿಸಿದಾಗ ನಮ್ಮ ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, “ಮಾರ್ಜಾಲಕ್ಕೂ ಪಾತ್ರೆಗೂ ಏನು ಸಂಬಂಧ?” ಎಂದು ಕೇಳಿದರು. ಮೂರಕ್ಕೂ ಹೊಂದುವ, ಸಂತೆಗೆ ಬಂದವರು ನಿಂತು ಓದಿದೊಡನೆ ತಿಳಿಯುವ ಒಂದು ಪದವಿದೆಯೇ? ‘ರಾಸಾಯನಿಕರಹಿತ’ ಎಂದು ಸೇರಿಸಬಹುದೇ?

(ಶಿವಮೊಗ್ಗದಿಂದ)

‘ಮಾರ್ಜಕ’ ಇರುವಾಗ ಹುಡುಕಾಟವೇಕೆ? ‘ಮೃಜ್’ ಎಂದರೆ ಒರೆಸು, ಶುದ್ಧಮಾಡು. ದೇವಸ್ಥಾನದ ಸಮ್ಮಾರ್ಜನೆ ಇದೇ ಧಾತುವಿನದು. ಮೈಯನ್ನು ಸದಾ ನೆಕ್ಕಿ ಶುಚಿಯಾಗಿಟ್ಟುಕೊಳ್ಳುವ ಬೆಕ್ಕು ಮಾರ್ಜಾಲವಾದದ್ದೂ ಇದರಿಂದಲೇ. ತಮ್ಮ ಅತ್ತೆಯವರು ತಿಳಿಯದೆಯೇ ಸರಿಯಾದ ಬೇರನ್ನು ಮುಟ್ಟಿದ್ದಾರೆ.

ಇನ್ನು ಯಾರಾದರೂ ‘ತೊಳೆಕ’, ‘ತೊಳೆದ್ರವ’ ಎಂದು ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಅಂದರೆ ಕನ್ನಡವನ್ನೂ ಸಂಸ್ಕೃತವನ್ನೂ ಬೆರೆಸಿದ ಸಲ್ಲದ ಸಮಾಸ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಮುಚ್ಚಿದ ಬಾಗಿಲನ್ನು ನಾವು ತೆರೆಯಬೇಕಾಗಿಲ್ಲ. ಅಂಟುವಾಳದ ರಸಕ್ಕೆ ಪ್ರತ್ಯೇಕ ಹೆಸರು ಬೇಕಿದ್ದರೆ ‘ಫೇನಿಲ’ ಎನ್ನಿ. ಫೇನವೆಂದರೆ ನೊರೆ, ಫೇನಿಲವೆಂಬುದು ಸಂಸ್ಕೃತದಲ್ಲಿ ಆ ಮರದ್ದೇ ಹೆಸರು. ನೆಲಕ್ಕೆ ಹಾಕುವ ಫಿನಾಯಿಲ್ ಕೂಡ ಇದರಿಂದಲೇ ಬಂದದ್ದು.

(ಸಾಗರದಿಂದ)

ಕೊನೆಯ ವಾಕ್ಯ ತಪ್ಪು. ಫಿನಾಯಿಲ್ ಹೆಸರಿನ ಮೂಲ ‘ಫೀನ್’ ಎಂಬ ಪದ. ಅದನ್ನು 1836ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾರೆಂಟ್ ಬೆಂಜೀನಿಗೆ ಇಟ್ಟರು. ಆ ವಸ್ತು ದೀಪ ಉರಿಸುವ ಅನಿಲದಲ್ಲಿ ಸಿಗುತ್ತಿದ್ದುದರಿಂದ ‘ಬೆಳಗು’ ಎಂಬರ್ಥದ ಗ್ರೀಕ್ ಪದವನ್ನು ಆರಿಸಿಕೊಂಡರು. ನೊರೆಗೂ ಅದಕ್ಕೂ ಸಂಬಂಧವಿಲ್ಲ, ಧ್ವನಿ ಹೋಲುತ್ತದೆ ಅಷ್ಟೇ. ಅಂಟುವಾಳದ ಬಾಟಲಿಯ ಮೇಲೆ ‘ಫೇನಿಲ’ ಎಂದು ಬರೆದರೆ ಕೊಂಡವರು ಅದನ್ನು ಬಚ್ಚಲಿಗೆ ಸುರಿಯುತ್ತಾರೆ.

ಅರಿಸಮಾಸದ ಮಾತೂ ನಿಲ್ಲುವುದಿಲ್ಲ. ‘ತೊಳೆಕ’ದಲ್ಲಿ ಸಮಾಸವೇ ಇಲ್ಲ, ಅಲ್ಲಿರುವುದು ಕನ್ನಡ ಧಾತುವಿಗೆ ಹತ್ತಿದ ಸಂಸ್ಕೃತದ ಪ್ರತ್ಯಯ. ಆ ಪದ ನನಗೂ ಹಿಡಿಸುವುದಿಲ್ಲ, ಆದರೆ ಅದನ್ನು ತಳ್ಳಿಹಾಕಲು ಬೇರೆ ಕಾರಣ ಕೊಡಬೇಕು. ಅಲ್ಲದೆ ಬಿರುದಾವಳಿಯಲ್ಲಿಯೂ ಹಿಂದಿನ ಕವಿಗಳು ಬಳಸಿದ ಕಡೆಯಲ್ಲಿಯೂ ಅರಿಸಮಾಸ ಸಲ್ಲುತ್ತದೆಂದು ಕೇಶಿರಾಜನೇ ಹೇಳಿದ್ದಾನೆ. ಬಾಗಿಲು ಅಷ್ಟು ಬಿಗಿಯಾಗಿ ಮುಚ್ಚಿಲ್ಲ.

‘ಮಾರ್ಜಕ’ದ ಬಗ್ಗೆ ನನ್ನ ಆಕ್ಷೇಪ ಬೇರೆಯದು. ಧಾತುವಿನ ಅರ್ಥ ಎಷ್ಟು ವಿಶಾಲವಾಗಿದ್ದರೂ, ಪಠ್ಯಪುಸ್ತಕಗಳು ಸಾಬೂನನ್ನು ಒಂದು ಕಡೆಯೂ ಮಾರ್ಜಕವನ್ನು ಇನ್ನೊಂದು ಕಡೆಯೂ ಇಟ್ಟು ಪಾಠ ಹೇಳುವುದರಿಂದ, ಶಾಲೆ ಕಲಿತವರ ಮನಸ್ಸಿನಲ್ಲಿ ಆ ಪದಕ್ಕೆ ಕಾರ್ಖಾನೆಯ ಪುಡಿ ಎಂಬ ಅರ್ಥ ಗಟ್ಟಿಯಾಗಿದೆ. ಅಂಟುವಾಳ ಅದೂ ಅಲ್ಲ, ಕೊಬ್ಬನ್ನೂ ಕ್ಷಾರವನ್ನೂ ಕೂಡಿಸಿದ ಸಾಬೂನೂ ಅಲ್ಲ. ಅದರ ಸಿಪ್ಪೆಯಲ್ಲಿರುವ ಸಪೋನಿನ್ ನೊರೆ ಬರಿಸಿ ಜಿಡ್ಡನ್ನು ಬಿಡಿಸುತ್ತದೆ. ‘ಬಯೋ ಎಂಜೈಮ್’ ಅನ್ನು ‘ಜೈವಿಕ ಕಿಣ್ವ’ ಎಂದು ಕನ್ನಡಿಸುವ ಆತುರವೂ ಬೇಡ. ಕಿಣ್ವವೆಂದರೆ ಹಿಂದೆ ಮದ್ಯ ಹುದುಗಿಸಲು ಹಾಕುತ್ತಿದ್ದ ಪದಾರ್ಥ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಮದ್ಯದ ಮೇಲ್ವಿಚಾರಕನಾದ ಸುರಾಧ್ಯಕ್ಷನ ಪ್ರಕರಣದಲ್ಲಿ ಆ ಮಾತಿದೆ. ನಿಮ್ಮ ಬಾಟಲಿಯಲ್ಲಿ ಬೆಲ್ಲದ ಸಕ್ಕರೆ ಮೊದಲು ಮದ್ಯವಾಗಿ, ಆಮೇಲೆ ಅಸಿಟಿಕ್ ಆಮ್ಲವಾಗಿ ತಿರುಗುತ್ತದೆ. ಕೊಳೆಯ ಮೇಲೆ ಮುಖ್ಯವಾಗಿ ಕೆಲಸ ಮಾಡುವುದು ಆ ಹುಳಿ. ಹುಳಿ ಎಂಬ ಪದ ಕೈಯಲ್ಲಿರುವಾಗ ಅದನ್ನೇ ಬಳಸುವುದು ವಿಜ್ಞಾನಕ್ಕೂ ಹತ್ತಿರ, ಕನ್ನಡಕ್ಕೂ ಹತ್ತಿರ.

‘ರಾಸಾಯನಿಕರಹಿತ’ ಎಂದು ದಯವಿಟ್ಟು ಹಾಕಬೇಡಿ. ಹುಳಿಯೂ ಉಪ್ಪೂ ರಾಸಾಯನಿಕಗಳೇ. ಒಲೆಬೂದಿ ನೆನೆಹಾಕಿದ ತಿಳಿನೀರಿಗಿಂತ ನೈಸರ್ಗಿಕವಾದದ್ದು ಯಾವುದಿದೆ? ಆದರೂ ಅದು ಗಟ್ಟಿಯಾದರೆ ಅಂಗೈಯ ಸಿಪ್ಪೆ ಏಳಿಸುತ್ತದೆ.

(ಹೊಸನಗರದಿಂದ)

ಮೂರು ಬಾಟಲಿಗಳಿಗೆ ಹೆಸರಿಡಲು ಸಂಸ್ಕೃತ, ಗ್ರೀಕ್, ಫ್ರಾನ್ಸ್ ಎಲ್ಲವನ್ನೂ ಸುತ್ತಿ ಬಂದಿರಿ. ‘ಮಾರ್ಜಕ’ ನಮಗೆ ‘ಕ್ಲೀನರ್’ನಷ್ಟೇ ಹೊರಗಿನದು, ಒಂದು ಹಳೆಯ ಸಾಲ, ಇನ್ನೊಂದು ಹೊಸ ಸಾಲ, ಅಷ್ಟೇ ವ್ಯತ್ಯಾಸ. ಕನ್ನಡಕ್ಕೆ ‘ಚೊಕ್ಕ’ ಎಂಬ ಒಳ್ಳೆಯ ಪದವಿದೆ. ‘ಚೊಕ್ಕಪುಡಿ’, ‘ಚೊಕ್ಕರಸ’ ಎನ್ನಿ, ಮುಗಿಯಿತು.

(ಶಿವಮೊಗ್ಗದಿಂದ)

ಫಿನಾಯಿಲ್ ಕುರಿತ ತಿದ್ದುಪಡಿಯನ್ನು ಒಪ್ಪಿದ್ದೇನೆ. ಆದರೆ ‘ಚೊಕ್ಕ’ ಸಂಸ್ಕೃತದ ‘ಚೋಕ್ಷ’ದ ತದ್ಭವ. ‘ರಸ’ವೂ ಸಂಸ್ಕೃತವೇ. ತಾವು ಹೊರಹಾಕಿದವರೇ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಕುಳಿತಿದ್ದಾರೆ.

(ಸಾಗರದಿಂದ)

ಈ ವಾದಕ್ಕೆ ತುದಿಯಿಲ್ಲ. ‘ಸಾಬೂನು’ ಅರಬ್ಬಿ ಪಾರಸಿಗಳ ದಾರಿಯಲ್ಲಿ ಬಂತು, ‘ಸೋಪು’ ಇಂಗ್ಲಿಷಿನ ದಾರಿಯಲ್ಲಿ ಬಂತು, ಎರಡರ ಬುಡವೂ ಒಂದೇ. ಇಂದು ಎರಡೂ ನಮ್ಮ ಬಚ್ಚಲಿನ ಒಂದೇ ಗೂಡಿನಲ್ಲಿವೆ. ಅಂಟುವಾಳಕ್ಕೆ ಸಸ್ಯಶಾಸ್ತ್ರದಲ್ಲಿರುವ ‘ಸಪಿಂಡಸ್’ ಎಂಬ ಕುಲನಾಮಕ್ಕೂ ‘ಇಂಡಿಯಾದ ಸಾಬೂನು’ ಎಂದೇ ಅರ್ಥ. ಪದ ಎಲ್ಲಿಂದ ಬಂತೆಂಬುದಕ್ಕಿಂತ, ಕೇಳಿದವರಿಗೆ ಯಾವ ಕೆಲಸ ಕಣ್ಣಮುಂದೆ ಬರುತ್ತದೆಂಬುದನ್ನು ನೋಡಬೇಕು. ಪ್ರಶ್ನೆ ಕೇಳಿದವರು ಗುರುವಾರದ ಗಡುವಿನಲ್ಲಿದ್ದಾರೆ ಎಂಬುದನ್ನೂ ನೆನಪಿಸುತ್ತೇನೆ.

(ತೀರ್ಥಹಳ್ಳಿಯಿಂದ)

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಬಾಟಲಿ ತುಂಬುತ್ತಾ ಕುಳಿತವರಿಗೆ ನಿಮ್ಮ ಮಾತುಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಅವರು ಪದ ಸೂಚಿಸಲಿಲ್ಲ. ಆದರೆ ಯಾವುದು ಎಲ್ಲಿಗೆ ಹೋಗಬೇಕೆಂದು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ, ಎಲ್ಲ ಕೆಲಸಕ್ಕೂ ಹೊಂದುವ ಒಂದೇ ಕ್ರಿಯಾಪದವನ್ನು ಒಬ್ಬರೂ ಬಳಸಲಿಲ್ಲ ಎಂಬುದನ್ನು ಗಮನಿಸಿದೆ. ಹಂಡೆ ಬೆಳಗುವುದು, ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ತಳದ ಮಸಿ ಉಜ್ಜುವುದು, ನೆಲ ಒರೆಸುವುದು, ಅಂಗಳ ಸಾರಿಸುವುದು, ಹೀಗೆ ಒಂದೊಂದಕ್ಕೆ ಒಂದೊಂದು ಮಾತು. ಹಂಡೆಯನ್ನು ಯಾರೂ ಒಗೆಯುವುದಿಲ್ಲ, ಬಟ್ಟೆಯನ್ನು ಯಾರೂ ಬೆಳಗುವುದಿಲ್ಲ. ಮೂರಕ್ಕೂ ಸಲ್ಲುವ ಒಂದು ಪದ ಬೇಕೆಂದು ನಾನು ಕೇಳಿದ್ದೇ ‘ಕ್ಲೀನರ್’ ಎಂಬುದು ತಲೆಯಲ್ಲಿ ಕುಳಿತಿದ್ದರಿಂದ ಎಂದು ಆಗ ತಿಳಿಯಿತು.

ಆದ್ದರಿಂದ ಮೂರು ಚೀಟಿಗಳಿಗೆ ಮೂರು ಹೆಸರುಗಳನ್ನು ಕಳಿಸಿದ್ದೇನೆ: ‘ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಅಂಟುವಾಳದ ರಸ’, ‘ನೆಲ ಒರೆಸುವ ಹುಳಿನೀರು’, ‘ತಾಮ್ರ ಹಿತ್ತಾಳೆ ಬೆಳಗುವ ವಾಟೆಪುಡಿ’. ‘ರಸ’ವನ್ನು ಬಿಡಲು ನಮ್ಮಿಂದಾಗಲಿಲ್ಲ, ಹೊಸನಗರದವರೂ ಅದನ್ನು ಬಿಟ್ಟಿರಲಿಲ್ಲ. ಫಲಕದ ಮೇಲೆ ‘ಮನೆಯಲ್ಲೇ ಮಾಡಿದ್ದು’ ಎಂದಷ್ಟೇ ಇರುತ್ತದೆ; ‘ರಾಸಾಯನಿಕರಹಿತ’ ಎಂಬುದನ್ನು ಕೈಬಿಟ್ಟಿದ್ದೇವೆ.

‘ಹುಳಿನೀರು’ ಎಂದು ಓದಿದ ಮಕ್ಕಳು ಪಾನಕವೆಂದುಕೊಂಡಾರು ಎಂದು ಅತ್ತೆಯವರು ಹೇಳಿದ್ದರಿಂದ, ‘ಕುಡಿಯಬಾರದು’ ಎಂಬುದನ್ನು ಹೆಸರಿನಷ್ಟೇ ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದೇನೆ. ಅದರ ಕೆಳಗೆ ಇನ್ನೆರಡು ಸಾಲುಗಳಿವೆ: ಅಮೃತಶಿಲೆಯ ನೆಲಕ್ಕೆ ಹಾಕಬಾರದು, ಹುಳಿ ಅದನ್ನು ತಿನ್ನುತ್ತದೆ, ಬ್ಲೀಚಿಂಗ್ ಪುಡಿಯೊಂದಿಗೆ ಬೆರೆಸಬಾರದು, ವಿಷಗಾಳಿ ಏಳುತ್ತದೆ. ‘ವಿಷಗಾಳಿ’ಗೆ ಯಾರದಾದರೂ ಆಕ್ಷೇಪವಿದ್ದರೆ ಬುಧವಾರ ಸಂಜೆಯೊಳಗೆ ತಿಳಿಸಿ.